ಇಂಕು ಹರಡಿದ ಚಿಕ್ಕಿಗಳು

ರಾತ್ರಿ ಕಪ್ಪಗಿರುವುದಿಲ್ಲ ಎಂಬುದು ನನಗೆ ತಿಳಿದದ್ದು ಆಕಾಶ ನೋಡಿ ಅಲ್ಲ, ಇಂಕಿನ ಡಬ್ಬಿ ನೋಡಿ. ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ಸನಮಡಿಯಂಥ ಊರಲ್ಲಿ ಹುಟ್ಟಿದವನಿಗೆ ಆಕಾಶದ ಕೊರತೆಯಿಲ್ಲ. ನಮ್ಮಲ್ಲಿ ಗಿಡಮರ ಕಡಿಮೆ, ಗುಡ್ಡಗಳೂ ಮೈಗಳ್ಳ ಗುಡ್ಡಗಳು, ಎದ್ದು ನಿಲ್ಲುವುದಿಲ್ಲ. ಹೀಗಾಗಿ ಆಕಾಶ ಹೊಲದ ಬದುವಿನವರೆಗೂ ಇಳಿದು ಬಂದಿರುತ್ತದೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅದನ್ನೇ ಹೊದ್ದುಕೊಂಡು ಮಲಗಿದವನು ನಾನು. ಆದರೂ ಅದರ ಬಣ್ಣ ಯಾವುದೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಹೊದಿಕೆಯ ಬಣ್ಣವನ್ನು ಮಲಗಿದವನು ನೋಡುತ್ತಾನೆಯೇ?

ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ಪೇಟೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಹೊಸ ಅಂಗಡಿಯ ಉದ್ಘಾಟನೆ, ಪರೀಕ್ಷೆಯಲ್ಲಿ ಪಾಸಾದ ಮಗ, ಯಾವ ಪರೀಕ್ಷೆಯನ್ನೂ ಬರೆಯದೆ ನಾಯಕನಾದ ಇನ್ನೊಬ್ಬ ಮಗ, ಎಲ್ಲರನ್ನೂ ನಾನು ಒಂದೇ ನಿಷ್ಠೆಯಿಂದ ಅಚ್ಚು ಮಾಡುತ್ತೇನೆ. ಇದು ಹೊಟ್ಟೆಪಾಡು. ಇನ್ನೊಂದು ಚಟವಿದೆ, ಅದು ಅಣಕ. ಯಾರೇ ಅಂಗಡಿಗೆ ಬಂದುಹೋದರೂ ಅವರು ಬಾಗಿಲು ದಾಟಿದ ಮೇಲೆ ಅವರ ದನಿ ನನ್ನ ಗಂಟಲಲ್ಲಿ ಉಳಿದುಬಿಡುತ್ತದೆ. ಮರಾಠಿ ಶಾಲೆಯ ನಿವೃತ್ತ ಗುರುಗಳು, ಬಸ್ಸಿನ ಕಂಡಕ್ಟರು, ತನ್ನ ಮಗುವನ್ನು ಹೊಗಳಿ ಪಕ್ಕದ ಮನೆಯ ಮಗುವನ್ನು ಬೈಯುವ ತಾಯಂದಿರು, ಎಲ್ಲರೂ ನನ್ನೊಳಗೆ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ಕನ್ನಡಿಯ ಮುಂದೆ ನಿಂತು ನನ್ನನ್ನೂ ಅಣಕಿಸಿಕೊಂಡು ನೋಡಿದ್ದೇನೆ. ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಆ ಮನುಷ್ಯನಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಕಳೆದ ವರ್ಷ ಅಶೋಕ ಶೇಟ್ ಎಂಬವನು ಪೇಟೆಯಲ್ಲಿ ಹೊಸ ಚಹಾದ ಅಂಗಡಿ ತೆರೆದ. ಮೊದಲೆಲ್ಲ ಚಹಾದ ಅಂಗಡಿಗೆ ಒಲೆಯಿದ್ದರೆ ಸಾಕಿತ್ತು. ಈಗ ಹುಡುಗ ಹುಡುಗಿಯರು ನಿಂತು ಫೋಟೋ ತೆಗೆದುಕೊಳ್ಳಲು ಒಂದು ಗೋಡೆಯೂ ಬೇಕು. ಆ ಗೋಡೆಗೆಂದು ಅವನು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ನೀವೂ ನೋಡಿರುತ್ತೀರಿ. ನೋಟುಬುಕ್ಕಿನ ರಟ್ಟು, ಅಂಗಿ, ಛತ್ರಿ, ಎಲ್ಲದರ ಮೇಲೂ ಇರುವ ಚಿತ್ರ ಅದು. ಶತಮಾನಕ್ಕೂ ಹಿಂದೆ ಯುರೋಪಿನ ಒಬ್ಬ ಚಿತ್ರಕಾರ, ತನ್ನ ಕಿವಿಯನ್ನು ತಾನೇ ಕೊಯ್ದುಕೊಂಡವನು ಎಂದರೆ ತಕ್ಷಣ ಗುರುತು ಸಿಗುತ್ತದೆ, ಹುಚ್ಚರ ಆಸ್ಪತ್ರೆಯಲ್ಲಿದ್ದಾಗ ಬಿಡಿಸಿದ ರಾತ್ರಿ. ಕೆಳಗೆ ಮಲಗಿದ ಊರು, ಎಡಕ್ಕೆ ಬೆಂಕಿಯ ನಾಲಗೆಯಂತೆ ಎದ್ದ ಒಂದು ಗಿಡ. ಮೇಲೆ ಆಕಾಶ ಮಾತ್ರ ಮಲಗಿಲ್ಲ. ಹೊಳೆಗೆ ಹೊಸ ನೀರು ಬಂದಂತೆ ಸುಳಿಸುಳಿಯಾಗಿ ಹರಿಯುತ್ತಿದೆ. ಚಿಕ್ಕಿಗಳು, ಅಂದರೆ ನಕ್ಷತ್ರಗಳು, ಬರೀ ಚುಕ್ಕೆಗಳಲ್ಲ, ಒಂದೊಂದರ ಸುತ್ತಲೂ ಹಳದಿ ಬೆಳಕಿನ ಬಳೆ, ಅದರಾಚೆ ತಿಳಿ ಹಳದಿ, ಅದರಾಚೆ ಹಳದಿಯೋ ಬಿಳಿಯೋ ಹಸಿರೋ ಹೇಳಲಾಗದ್ದು. ಮೂಲೆಯ ಚಂದ್ರ ಸೂರ್ಯನ ಕೆಲಸವನ್ನೂ ತಾನೇ ವಹಿಸಿಕೊಂಡವನಂತೆ ಉರಿಯುತ್ತಿದ್ದಾನೆ.

ಮಷಿನ್ನಿಗೆ ಹಾಕುವ ಮೊದಲು ಕಪ್ಪು ಇಂಕಿನ ಡಬ್ಬಿಯನ್ನು ತುಂಬಿ ಇಟ್ಟುಕೊಂಡೆ. ರಾತ್ರಿಯ ಚಿತ್ರ, ಅದೂ ಗೋಡೆಯಷ್ಟು ದೊಡ್ಡದು, ಕಪ್ಪು ಬಸಿದುಹೋಗುತ್ತದೆ ಎಂದು ನನ್ನ ಲೆಕ್ಕ. ಅರ್ಧ ಅಚ್ಚಾಗುವಷ್ಟರಲ್ಲಿ ಮಷಿನ್ನು ನಿಂತಿತು. ನೋಡಿದರೆ ಕಪ್ಪು ಹಾಗೇ ಇದೆ, ಬರಿದಾದದ್ದು ನೀಲಿ. ಹಳದಿಯೂ ತಳ ಕಂಡಿತ್ತು. ಆ ಮಹಾರಾಯ ಇರುಳನ್ನು ಕಪ್ಪಿಲ್ಲದೆ ಕಟ್ಟಿದ್ದ. ನಮ್ಮ ನಾಯಕರ ಹುಟ್ಟುಹಬ್ಬದ ಫ್ಲೆಕ್ಸಿಗೆ ಇದಕ್ಕಿಂತ ಹೆಚ್ಚು ಕಪ್ಪು ಹಿಡಿಯುತ್ತದೆ, ಬರೀ ಮೀಸೆ ಮತ್ತು ಕನ್ನಡಕಕ್ಕೆ.

ನನಗೇನೋ ಖುಷಿಯಾಯಿತು. ಅಶೋಕ ಶೇಟ್‌ಗೆ ಆಗಲಿಲ್ಲ. ಗೋಡೆಗೆ ಹಿಡಿದ ಫ್ಲೆಕ್ಸಿನಿಂದ ದೂರ ಸರಿದು ನೋಡಿದ, ಹತ್ತಿರ ಬಂದು ಬೆರಳಿನಿಂದ ಒಂದು ಚಿಕ್ಕಿಯನ್ನು ಉಜ್ಜಿದ, ಆಮೇಲೆ ಬಹಳ ದುಃಖದಿಂದ ಇಂಕು ಹರಡಿದೆ ಎಂದ. ಮೊಬೈಲಿನಲ್ಲಿ ಸಣ್ಣದಾಗಿ ನೋಡಿದಾಗ ಸುಂದರವಾಗಿ ಕಂಡದ್ದು ದೊಡ್ಡದಾಗಿ ನೋಡಿದಾಗ ಅವನಿಗೆ ಅಪಘಾತದಂತೆ ಕಂಡಿತ್ತು. ಮೂಲ ಚಿತ್ರವೇ ಹೀಗೆ ಎಂದು ನಾನು ವಾದಿಸಬೇಕಿತ್ತು. ಆದರೆ ಗಿರಾಕಿ ಇಂಕು ಹರಡಿದೆ ಎಂದರೆ ಅಚ್ಚು ಮಾಡುವವನಿಗೂ ಎದೆ ಹಾರುತ್ತದೆ. ಒಳಗೆ ಹೋಗಿ ಮಷಿನ್ನಿನ ಮೂತಿ ತೊಳೆದೆ. ಕೊನೆಗೆ ಕಂಪ್ಯೂಟರಿನಲ್ಲಿ ಚಿಕ್ಕಿಗಳ ಸುತ್ತಲಿನ ಬೆಳಕನ್ನೆಲ್ಲ ಒರೆಸಿ, ಸುಳಿಗಳನ್ನು ಇಸ್ತ್ರಿ ಮಾಡಿ, ಗುಂಡು ಗುಂಡು ಚುಕ್ಕೆಗಳ ಒಂದು ಸಭ್ಯ ಆಕಾಶ ಮಾಡಿಕೊಟ್ಟೆ. ಚಂದ್ರನ ಜಾಗದಲ್ಲಿ ಚಹಾದ ಕಪ್ಪು-ಬಸಿ ಬಂತು. ಅದು ಈಗಲೂ ಅಲ್ಲಿದೆ. ಜನ ಅದರ ಮುಂದೆ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ, ಅದಕ್ಕೆ ಬೆನ್ನು ಮಾಡಿ. ಅದೇ ಸರಿಯಾದ ಭಂಗಿ.

ಗಿರಾಕಿ ಒಲ್ಲೆನೆಂದ ಫ್ಲೆಕ್ಸಿಗೆ ನಮ್ಮ ಕಡೆ ಒಂದು ಎರಡನೆಯ ಜನ್ಮ ಇದೆ. ಜೋಳದ ಕಣಿಕೆಯ ಬಣವೆಗೆ ಹೊದಿಸುತ್ತಾರೆ, ಆಡಿನ ದೊಡ್ಡಿಗೆ ಕಟ್ಟುತ್ತಾರೆ, ಮೆಣಸಿನಕಾಯಿ ಹರವುತ್ತಾರೆ. ದರಿಬಡಚಿಯ ದಾರಿಯಲ್ಲಿ ಹೋದರೆ ಕಳೆದ ಮೂರು ಚುನಾವಣೆಗಳಲ್ಲಿ ಸೋತವರೂ ಗೆದ್ದವರೂ ಆಡುಗಳನ್ನು ಬಿಸಿಲಿನಿಂದ ಕಾಯುತ್ತ ಕೈಮುಗಿದು ನಿಂತಿರುವುದು ಕಾಣುತ್ತದೆ. ಜನಸೇವೆ ಎಂದರೆ ಇದೇ. ಹೀಗಾಗಿ ನಾನೂ ಆ ಹರಡಿದ ರಾತ್ರಿಯನ್ನು ಸುತ್ತಿ ಬೈಕಿಗೆ ಕಟ್ಟಿಕೊಂಡು ಊರಿಗೆ ತಂದು, ನಮ್ಮ ಆಡಿನ ದೊಡ್ಡಿಯ ಪಕ್ಕಕ್ಕೆ ಬಿಗಿದೆ. ಅದು ಮನೆಯ ಕಟ್ಟೆಗೆ ಎದುರಾಗಿಯೇ ಇದೆ. ಕಟ್ಟೆಯ ಮೇಲೆ ಸಂಜೆ ಕೂಡುವವನು ನನ್ನ ಅಪ್ಪ, ಸಿದ್ದಪ್ಪ.

ಅಪ್ಪನ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ನಮಗೆ ಸ್ವಂತ ದ್ರಾಕ್ಷಿ ತೋಟವಿಲ್ಲ. ಇರುವುದು ಜೋಳದ ಹೊಲ, ಒಂದಷ್ಟು ಆಡು, ಮತ್ತು ಅಪ್ಪನ ಕಣ್ಣು. ಅವನು ಬಹಳ ವರ್ಷ ಬೇದಾಣಿ ಶೆಡ್ಡುಗಳಲ್ಲಿ ಮುಕಾದಮನಾಗಿದ್ದ, ಆಳುಗಳ ಮೇಲಿನ ಮೇಸ್ತ್ರಿ. ಬೇದಾಣಿ ಎಂದರೆ ಒಣದ್ರಾಕ್ಷಿ. ಹಸಿ ದ್ರಾಕ್ಷಿಯನ್ನು ನೆರಳಿನ ಜಾಳಿಗೆಯ ಮೇಲೆ ಒಣಗಿಸಿ, ಬಣ್ಣ ನೋಡಿ ಬೇರೆ ಮಾಡಿ, ಲಿಲಾವಿಗೆ ಒಯ್ಯುತ್ತಾರೆ. ಆ ಹರಾಜಿಗೆ ಸೌದಾ ಎನ್ನುತ್ತಾರೆ. ಹಸಿರು ಬೇದಾಣಿಗೆ ಮರ್ಯಾದೆ ಹೆಚ್ಚು, ಹಳದಿಗೆ ಅದಕ್ಕಿಂತ ಕಡಿಮೆ, ಕಂದು ಬಣ್ಣದ್ದನ್ನು ಬಡ ನೆಂಟನಂತೆ ಮೂಲೆಯಲ್ಲಿ ಕೂರಿಸುತ್ತಾರೆ. ಹಸಿರಿಗೂ ಹಳದಿಗೂ ನಡುವಿನ ಗಡಿ ಕೂದಲೆಳೆಯಷ್ಟು. ಆ ಗಡಿಯ ಪಂಚಾಯಿತಿಗೆ ಸುತ್ತಲಿನವರು ಅಪ್ಪನ ಬಳಿಗೆ ಬರುತ್ತಿದ್ದರು. ಸೌದಾಕ್ಕೆ ಒಯ್ಯುವ ಮೊದಲು ಒಂದು ಹಿಡಿ ತಂದು, ಅಪ್ಪನ ಮೊಣಕಾಲ ಮೇಲಿನ ಬಿಳಿ ಧೋತರದ ಮೇಲೆ ಸುರಿಯುವುದು. ಅಪ್ಪ ಬೆರಳಿನಿಂದ ಒಂದೊಂದನ್ನೇ ದೂಡಿ ತೀರ್ಪು ಕೊಡುವುದು. ಕೊಡುವಾಗ ಅವನ ಮುಖದಲ್ಲಿ ಬರುವ ಗತ್ತು ಜಿಲ್ಲಾ ನ್ಯಾಯಾಧೀಶರಿಗೂ ಬರಲಿಕ್ಕಿಲ್ಲ. ವಿನಯ ಎಂಬುದು ಅಪ್ಪನಿಗೆ ಪರಿಚಯವಿಲ್ಲದ ಬೆಳೆ.

ಆ ಹಂಗಾಮಿನಲ್ಲಿ ಪಂಚಾಯಿತಿ ಕೆಟ್ಟಿತು. ಬೆಳುಂಕಿಯ ರಾಯಗೊಂಡ ಕಾಕಾ ಅಪ್ಪನ ಬಾಲ್ಯದ ಗೆಳೆಯ, ಸ್ವಂತ ತೋಟ, ಸ್ವಂತ ಶೆಡ್ಡು. ತನ್ನ ಮಾಲು ತಂದು ಅಪ್ಪನ ಮೊಣಕಾಲಿನ ಮೇಲೆ ಸುರಿದ. ಅಪ್ಪ ನೋಡಿ, ಹಳದಿ ಎಂದ. ರಾಯಗೊಂಡ ಕಾಕಾ ನಕ್ಕು ಇನ್ನೊಮ್ಮೆ ನೋಡು ಎಂದ. ಅಪ್ಪ ಇನ್ನೊಮ್ಮೆ ನೋಡಿ, ಇನ್ನಷ್ಟು ಹಳದಿ ಎಂದ. ಮಾತಿಗೆ ಮಾತು ಬೆಳೆದು, ಗಂಧಕದ ಹೊಗೆ ಹೆಚ್ಚು ಹಾಕಿ ಬಣ್ಣ ಕೆಡಿಸಿದ್ದೀಯೆಂದು ಇವನು, ಮುಪ್ಪಿಗೆ ಬುದ್ಧಿ ಒಣಗಿದೆಯೆಂದು ಅವನು. ರಾಯಗೊಂಡ ಕಾಕಾ ಬೇದಾಣಿಯನ್ನು ಧೋತರದಿಂದ ಒಂದೊಂದಾಗಿ ಹೆಕ್ಕಿಕೊಂಡು ಎದ್ದುಹೋದ. ಸಿಟ್ಟಿನಲ್ಲಿ ಹೋಗುವವನು ಒಂದೊಂದಾಗಿ ಹೆಕ್ಕುವುದು ನೋಡಲು ತಮಾಷೆಯಾಗಿತ್ತು, ನಾನು ಅದನ್ನೂ ಕಲಿತುಕೊಂಡೆ. ಆದರೆ ಆಮೇಲೆ ಅವನು ಬರಲಿಲ್ಲ. ಸುದ್ದಿ ಹಬ್ಬಿತು, ಬೇರೆಯವರೂ ಬರುವುದು ಕಡಿಮೆಯಾಯಿತು. ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟು, ಮೊಣಕಾಲ ಮೇಲೆ ಅದನ್ನು ಸರಿಮಾಡಿಕೊಂಡು, ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಈ ವರ್ಷ ಎಲ್ಲರ ಮಾಲೂ ಹಳದಿ ಬಂದಿದೆ, ಅದಕ್ಕೇ ಯಾರೂ ತೋರಿಸುತ್ತಿಲ್ಲ ಎಂದು ನಮಗೆ ಸಮಜಾಯಿಷಿ ಕೊಡುತ್ತಿದ್ದ.

ಇಂಥ ಹೊತ್ತಿನಲ್ಲಿ ನಾನು ಆ ಫ್ಲೆಕ್ಸು ಕಟ್ಟಿದೆ. ಅಪ್ಪ ಸಂಜೆ ಅದನ್ನು ಬಹಳ ಹೊತ್ತು ನೋಡಿದ. ಏಕೆ ತಂದೆ ಎಂದು ಕೇಳಿದ. ಇಂಕು ಹರಡಿದೆ ಎಂದು ಶೇಟ್ ವಾಪಸು ಕೊಟ್ಟ ಎಂದೆ.

“ಎಲ್ಲಿ ಹರಡೇತಿ?” ಎಂದ ಅಪ್ಪ. “ಚಿಕ್ಕಿ ಹಿಂಗ ಇರ್ತಾವಲ್ಲೋ. ಕಂಬದ ಲೈಟೂ ಹಿಂಗ ಇರ್ತದ. ಮಾಡಿದಾಂವ ಕಣ್ಣ ಬಿಟ್ಟು ನೋಡಿ ಮಾಡ್ಯಾನ. ನಿಮ್ಮ ಶೇಟ್‌ಗ ನೋಡಾಕ ಬರಂಗಿಲ್ಲ.”

ನನಗೆ ಎಷ್ಟು ಸಂತೋಷವಾಯಿತೆಂದರೆ, ಮರುದಿನ ಪೇಟೆಯಲ್ಲಿ ಇದೇ ನನ್ನ ಹೊಸ ಆಟ. ಜಗತ್ತಿನ ದೊಡ್ಡ ದೊಡ್ಡ ಪಂಡಿತರು ತಲೆ ಕೆಡಿಸಿಕೊಂಡ ಚಿತ್ರವನ್ನು ನಮ್ಮ ಅಪ್ಪ ಕಟ್ಟೆಯ ಮೇಲೆ ಕೂತು ಪಾಸು ಮಾಡಿದ ಕಥೆ. ಕತ್ತು ಓರೆ ಮಾಡಿ, ಒಂದು ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ದನಿಯಲ್ಲಿ ಮುಕಾದಮನ ಗತ್ತು ತಂದು ಹೇಳುತ್ತಿದ್ದೆ. ಜನ ಚಹಾ ಚೆಲ್ಲಿಕೊಂಡು ನಕ್ಕರು.

ಅಣಕದ ಗುಟ್ಟನ್ನು ಇಲ್ಲಿ ಹೇಳಿಬಿಡುತ್ತೇನೆ, ನೀವು ನನ್ನ ಹೊಟ್ಟೆಯ ಮೇಲೆ ಹೊಡೆಯುವುದಿಲ್ಲವೆಂಬ ನಂಬಿಕೆಯಿಂದ. ಯಾರನ್ನೂ ಪೂರ್ತಿ ಅನುಕರಿಸಬಾರದು. ನಿವೃತ್ತ ಗುರುಗಳಿಂದ ನಾನು ತೆಗೆದುಕೊಳ್ಳುವುದು ಒಂದು ಕೆಮ್ಮು ಮತ್ತು ವಾಕ್ಯದ ಕೊನೆಗೆ ಅವರು ಮೂಗಿನಿಂದ ಬಿಡುವ ಗಾಳಿ, ಅಷ್ಟೇ. ಅದನ್ನು ಇದ್ದದ್ದಕ್ಕಿಂತ ಸ್ವಲ್ಪ ಜಗ್ಗುತ್ತೇನೆ. ಗುರುಗಳಿಗಿಂತ ಹೆಚ್ಚು ಗುರುಗಳಂತೆ ಆಯಿತು ಎಂದು ಜನ ಹೇಳುತ್ತಾರೆ. ಒಮ್ಮೆ ಗುರುಗಳೇ ಕೇಳಿ, ಯಾರೋ ಪರಿಚಯದವರಂತಿದೆ ಎಂದರು. ಆ ಚಿತ್ರಕಾರ ಮಾಡಿದ್ದೂ ಇದೇ ಎಂದು ನನ್ನ ಅನುಮಾನ. ಅವನು ರಾತ್ರಿಯ ಫೋಟೋ ತೆಗೆಯಲಿಲ್ಲ, ರಾತ್ರಿಯ ಅಣಕ ಮಾಡಿದ. ರಾತ್ರಿಯಿಂದ ನೀಲಿಯನ್ನೂ ದೀಪದ ಸುತ್ತಲಿನ ಬಳೆಯನ್ನೂ ತೆಗೆದುಕೊಂಡು, ಹರಿದುಹೋಗುವಷ್ಟು ಜಗ್ಗಿದ. ಉಳಿದದ್ದನ್ನು ಬಿಟ್ಟ. ಅದನ್ನು ನೋಡಿದರೆ ರಾತ್ರಿಗೇ, ಯಾರೋ ಪರಿಚಯದವರಂತಿದೆ ಎನ್ನಿಸಬೇಕು.

ಆ ನೀಲಿ ಹಳದಿಗಳೂ ಒಂದನ್ನೊಂದು ಅಣಕಿಸುವ ಜೋಡಿಯೇ. ಹಳದಿಯನ್ನು ಬಿಳಿ ಗೋಡೆಯ ಮೇಲೆ ಇಡಿ, ಸಪ್ಪಗೆ ಕೂರುತ್ತದೆ. ನೀಲಿಯ ಪಕ್ಕಕ್ಕೆ ತನ್ನಿ, ಎದ್ದು ಕುಣಿಯುತ್ತದೆ. ನಮ್ಮ ಅಂಗಡಿಯಲ್ಲಿ ಯಾರಿಗಾದರೂ ತಮ್ಮ ಹೆಸರು ದೂರದಿಂದ ಕಾಣಬೇಕೆಂದರೆ ನಾನು ಕಣ್ಣು ಮುಚ್ಚಿ ಹಾಕುವುದು ನೀಲಿಯ ಮೇಲೆ ಹಳದಿ. ಬೆಳಕು ಎಂದರೆ ಹಳದಿಯಲ್ಲ, ನೀಲಿಯೂ ಅಲ್ಲ, ಅವೆರಡರ ಜಗಳ. ಒಂದು ಚಿಕ್ಕಿ ಹೊಳೆಯಬೇಕಾದರೆ ಅದರ ಸುತ್ತ ಅಷ್ಟು ನೀಲಿ ಕೆಲಸ ಮಾಡುತ್ತಿರಬೇಕು.

ಇಷ್ಟೆಲ್ಲ ತತ್ವಜ್ಞಾನ ನನಗೆ ಹೊಳೆದಿತ್ತು. ಹೊಳೆಯಬೇಕಾದದ್ದು ಮಾತ್ರ ಹೊಳೆದಿರಲಿಲ್ಲ. ಅವ್ವ ಇಲ್ಲದ ನಮ್ಮ ಮನೆಯ ಆಡಳಿತ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಅಣ್ಣ ಲಾರಿಯ ಮೇಲೆ ಊರೂರು ತಿರುಗುತ್ತಾನೆ, ವೈನಿ ಆಶಾ ಕಾರ್ಯಕರ್ತೆಯಾಗಿ ಮನೆಮನೆ ತಿರುಗುತ್ತಾರೆ, ತಿರುಗದೆ ಇರುವವರು ನಾನು ಮತ್ತು ಅಪ್ಪ. ಒಂದು ಸಂಜೆ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತು ವೈನಿಗೆ ಈ ಆಟ ಮಾಡಿ ತೋರಿಸಿದೆ. ಅವರು ನಕ್ಕರು. ನಗು ಮುಗಿಯುವ ಮೊದಲೇ ನಿಲ್ಲಿಸಿದರು.

“ಆ ಕೈ ಯಾಕ ಅಡ್ಡ ಹಿಡದಿ?”

“ಅಪ್ಪ ಹಿಡೀತಾನಲ್ರಿ ವೈನಿ, ಅದಕ್ಕ.”

“ದಿನಾ ಹಿಡೀತಾರೇನು?”

“ಲೈಟ್ ಹಚ್ಚಿದ ಮ್ಯಾಲ ದಿನಾ.”

“ಎದಕ್ಕ?”

ಅಣಕಿಸುವವನ ಮಿತಿ ಇದು. ಯಾರು ಹೇಗೆ ಮಾಡುತ್ತಾರೆಂದು ಕೇಳಿ, ಕೂದಲೆಳೆಯಷ್ಟೂ ತಪ್ಪದಂತೆ ಮಾಡಿ ತೋರಿಸುತ್ತೇನೆ. ಏಕೆ ಮಾಡುತ್ತಾರೆಂದು ಕೇಳಬೇಡಿ. ರಾತ್ರಿ ಹೊತ್ತು ಎದುರಿನಿಂದ ಬೈಕು ಬಂದರೆ ಅಪ್ಪ ತನ್ನ ಬೈಕನ್ನು ಪೂರ್ತಿ ನಿಲ್ಲಿಸಿಬಿಡುವುದನ್ನೂ ನಾನು ಗಮನಿಸಿದ್ದೆ. ಅದನ್ನು ಇನ್ನೊಂದು ಆಟಕ್ಕೆಂದು ಎತ್ತಿಟ್ಟುಕೊಂಡಿದ್ದೆ.

ವೈನಿ ಸೆರಗಿಗೆ ಕೈ ಒರೆಸಿಕೊಂಡು ಕಟ್ಟೆಗೆ ಬಂದರು. “ಮಾವಾರ, ಆ ಕಂಬದ ಲೈಟ್ ಸುತ್ತ ಏನ್ ಕಾಣಸ್ತದ್ರಿ ನಿಮಗ?” ಎಂದು ಕೇಳಿದರು.

“ಎಲ್ಲಾರಿಗೂ ಕಾಣಸೂದ ನನಗೂ ಕಾಣಸ್ತದ. ಸಿಂಬಿ ಸುತ್ತಿದಂಗ.”

ತಲೆಯ ಮೇಲೆ ಕೊಡ ಇಡುವಾಗ ಬಟ್ಟೆಯನ್ನು ಬಳೆಯಂತೆ ಸುತ್ತಿ ಇಡುತ್ತಾರಲ್ಲ, ಅದು ಸಿಂಬಿ. ನಾನು ಕಂಬದ ಕಡೆ ನೋಡಿದೆ. ಅಲ್ಲಿ ಒಂದು ಬಲ್ಬಿತ್ತು, ಎರಡು ಹುಳ ಇದ್ದವು. ಸಿಂಬಿ ಇರಲಿಲ್ಲ. ಫ್ಲೆಕ್ಸಿನ ಕಡೆ ನೋಡಿದೆ. ಅಲ್ಲಿ ಪ್ರತಿಯೊಂದು ಚಿಕ್ಕಿಗೂ ಸಿಂಬಿ ಇತ್ತು.

ಅಪ್ಪನ ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ, ಮಿರಜದ ಆಸ್ಪತ್ರೆಗೆ ಒಯ್ದು ಆಪರೇಶನ್ ಮಾಡಿಸಬೇಕು ಎಂದು ಜತ್ತದ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ ಹೇಳಿದರು. ದೀಪದ ಸುತ್ತ ಬಳೆ ಕಾಣುವುದೂ ಅದರಿಂದಲೇ, ಎಲ್ಲವೂ ಹಳದಿಯಾಗಿ ಕಾಣುವುದೂ ಅದರಿಂದಲೇ. ಹಳದಿ ಎಂಬ ಮಾತು ಕೇಳಿ ನಾನೂ ವೈನಿಯೂ ಮುಖ ಮುಖ ನೋಡಿಕೊಂಡೆವು. ರಾಯಗೊಂಡ ಕಾಕಾನ ಮಾಲು ಹಳದಿಯಾದದ್ದು ಬೆಳುಂಕಿಯ ಶೆಡ್ಡಿನಲ್ಲಿ ಅಲ್ಲ, ಸನಮಡಿಯ ಕಟ್ಟೆಯ ಮೇಲೆ.

ಕನ್ನಡದಲ್ಲಿ ಇದಕ್ಕೆ ಪೊರೆ ಎನ್ನುತ್ತೇವೆ, ಹಾವು ಬಿಡುವಂಥದ್ದು. ಮರಾಠಿಯವರು ಮೋತಿಬಿಂದು ಎನ್ನುತ್ತಾರೆ, ಮುತ್ತಿನ ಹನಿ. ಕಾಯಿಲೆಗೆ ಇಂಥ ಹೆಸರಿಟ್ಟರೆ ಯಾರಿಗೆ ತಾನೆ ಬಿಡಲು ಮನಸ್ಸಾದೀತು? ಆ ಚಿತ್ರಕಾರನ ಬಗ್ಗೆಯೂ ಇಂಥ ಅನುಮಾನಗಳಿವೆ ಎಂದು ಆಮೇಲೆ ಮೊಬೈಲಿನಲ್ಲಿ ಓದಿದೆ. ಅವನ ಕಣ್ಣಲ್ಲೇ ದೋಷವಿತ್ತು ಎಂದು ಕೆಲವರು, ಒಂದು ಹೂವಿನ ಗಿಡದಿಂದ ಮಾಡಿದ ಔಷಧಿಯಿಂದ ಹಳದಿ ಕಂಡಿರಬಹುದು ಎಂದು ಕೆಲವರು. ಕಣ್ಣು ಸರಿಯಾಗಿಯೇ ಇತ್ತು, ಬೇಕೆಂದೇ ಹಾಗೆ ಬಿಡಿಸಿದ ಎಂದು ಮತ್ತೆ ಕೆಲವರು. ಈ ಜಗಳ ಮುಗಿಯುವುದಿಲ್ಲ. ಅವನನ್ನು ಮಿರಜಕ್ಕೆ ಕರೆದುಕೊಂಡು ಹೋಗಿ ತೋರಿಸುವಂತಿಲ್ಲವಲ್ಲ.

ಅಪ್ಪನನ್ನು ಕರೆದೊಯ್ಯಬಹುದಿತ್ತು. ಆದರೆ ಅವನು ಏಳಲೊಲ್ಲ. ತನ್ನ ಕಣ್ಣಿಗೆ ಏನೂ ಆಗಿಲ್ಲ, ಡಾಕ್ಟರ ಬ್ಯಾಟರಿಗೆ ಸೆಲ್ಲು ಹಾಕಬೇಕು ಎಂದ. ಬಿಸಿಲು ಹೆಚ್ಚು ಎಂದ. ಆಡು ಈಯುವುದಿದೆ ಎಂದ. ನಿಜವೆಂದರೆ ಅವನಿಗೆ ಹೆದರಿಕೆಯಾಗಿತ್ತು, ಮತ್ತು ಅದು ಕತ್ತಿಯ ಹೆದರಿಕೆಯಷ್ಟೇ ಆಗಿರಲಿಲ್ಲ. ಕಣ್ಣು ಕೆಟ್ಟಿದೆಯೆಂದು ಒಪ್ಪಿದರೆ ಆ ಹಂಗಾಮಿನ ತೀರ್ಪುಗಳೆಲ್ಲ ಕೆಟ್ಟಂತೆ. ಇಷ್ಟು ವರ್ಷ ಕಣ್ಣಿನ ಮೇಲೆ ನಿಂತ ಮನುಷ್ಯ ಇನ್ನು ಎದರ ಮೇಲೆ ನಿಂತಾನು?

ನಾನು ನನ್ನ ವಿದ್ಯೆ ಬಳಸಿದೆ. ಮನೆಯ ಹಿಂದೆ ಹೋಗಿ, ವೈನಿಯ ಫೋನಿಗೆ ಬೇರೊಂದು ನಂಬರಿನಿಂದ ಫೋನು ಹಚ್ಚಿ, ಮಾವನವರಿಗೆ ಕೊಡಿ ಎಂದೆ. ರಾಯಗೊಂಡ ಕಾಕಾನ ದನಿ ನನಗೆ ಕರಗತ. ತಂಬಾಕು ಒತ್ತಿಟ್ಟ ತುಟಿಯಿಂದ ಬರುವ, ಅರ್ಧ ಬಾಯೊಳಗೇ ಉಳಿಯುವ ದನಿ. ಸಿದ್ದಾ, ಹೆಂಗ ಅದೀಪಾ, ಆರಾಮ ಇದ್ದೀ ಏನ, ಕಣ್ಣ ತೋರಸ್ಕೊಂಡು ಬಾರಪಾ ಎಂದು ಬಹಳ ಪ್ರೀತಿಯಿಂದ ಹೇಳಿದೆ.

“ಮಲ್ಯಾ,” ಎಂದು ನನ್ನ ಹೆಸರು ಹಿಡಿದೇ ಕರೆದ ಅಪ್ಪ, “ಹಿತ್ತಲದಾಗ ಚೇಳ ಇರ್ತಾವ, ಈ ಕಡೆ ಬಂದ ಮಾತಾಡು. ರಾಯಾ ಎಂದೂ ಮೊದಲ ಆರಾಮ ಕೇಳಂಗಿಲ್ಲ. ಮೊದಲ ಬೈತಾನ.”

ಕಿವಿಗೆ ಮೋತಿಬಿಂದು ಬಂದಿರಲಿಲ್ಲ. ತಲೆ ತಗ್ಗಿಸಿ ಕಟ್ಟೆಗೆ ಬಂದು ಕೂತೆ. ಇಷ್ಟು ವರ್ಷದ ಕಲೆಗೆ ಇಂಥ ವಿಮರ್ಶೆ ಬಂದಿರಲಿಲ್ಲ. ಪಾತ್ರ ಸರಿಯಿತ್ತು, ಮಾತು ಸರಿಯಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ನಕ್ಕು, ಆಮೇಲೆ ಫೋನನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ನನ್ನ ಕಡೆ ನೋಡದೆ ಕೇಳಿದ.

“ಖರೇನ ಏನಂತಾನ ಅಂವ?”

ನಾನು ನನ್ನ ಸ್ವಂತ ದನಿಯಲ್ಲಿ ಹೇಳಿದೆ. ಆ ದನಿಯಲ್ಲಿ ಮಾತಾಡಿ ಬಹಳ ದಿನವಾಗಿತ್ತು, ಸ್ವಲ್ಪ ತೊದಲಿತು. “ನಿನ್ನ ಬಗ್ಗೆ ಏನೂ ಅನ್ನಂಗಿಲ್ಲಪಾ. ಮಾಲು ಕೋಲ್ಡ್ ಸ್ಟೋರೇಜಿಗೆ ಹಾಕಿ ಇಟ್ಟಾನ. ಎಲ್ಲಾರೂ ಸೌದಾಕ್ಕ ಒಯ್ದ್ರು, ಅಂವ ಒಯ್ದಿಲ್ಲ. ಸಿದ್ದ್ಯಾ ತನ್ನ ಬಾಯಿಲೇ ಹಸರ ಅನ್ನೂ ತನಕ ಪೆಟಿಗಿ ಎತ್ತಂಗಿಲ್ಲ ಅಂತ ಕುಂತಾನ.”

ಇದು ನಿಜ. ಪೇಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಮನೆಯಲ್ಲಿ ಹೇಳಲು ನನಗೆ ಧೈರ್ಯವಿರಲಿಲ್ಲ. ಗೆಳೆಯನ ಮೇಲೆ ಇಷ್ಟು ಸಿಟ್ಟಿದ್ದೂ ಅವನ ಒಂದು ಮಾತಿಗಾಗಿ ಮಾಲನ್ನೆಲ್ಲ ತಣ್ಣಗಿಟ್ಟು ಕಾಯುವುದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಅಪ್ಪನಿಗೆ ತಿಳಿದಿರಬೇಕು. ಆಡು ಈದ ಮೇಲೆ ಹೋಗೋಣ ಎಂದ. ಆಡು ಎರಡು ದಿನದಲ್ಲಿ ಈಯಿತು. ಅದೂ ನಮ್ಮ ಪಕ್ಷವನ್ನೇ ವಹಿಸಿತ್ತು.

ಮಿರಜದ ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣು. ಒಳಗೆ ಹೋಗುವಾಗ ಅಪ್ಪ ವೈನಿಯ ಕೈ ಬಿಡಲೊಲ್ಲ, ಹೊರಗೆ ಬರುವಾಗ ಯಾರ ಕೈಯೂ ಬೇಡವಾಯಿತು. ಒಳಗೆ ಏನಾಯಿತೆಂದು ಕೇಳಿದರೆ, ನೀಲಿ ಕೆಂಪು ಬಣ್ಣಗಳು ನೀರಲ್ಲಿ ಕದಡಿದಂತೆ ಹರಿದಾಡಿದವು, ಚಲೋ ಇತ್ತು ಎಂದ. ಮರುದಿನ ಪಟ್ಟಿ ಬಿಚ್ಚಿ ಕರಿ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು, ಧೋತರ ಉಟ್ಟು, ಅವನು ಆಸ್ಪತ್ರೆಯ ಮೆಟ್ಟಿಲು ಇಳಿಯುವುದು ನೋಡಿ ನನ್ನೊಳಗಿನ ಕಳ್ಳ ಎದ್ದು ಕೂತ. ಆ ನಡಿಗೆ ಈಗ ನನ್ನ ಸಂಗ್ರಹದಲ್ಲಿ ಮೊದಲ ಸ್ಥಾನದಲ್ಲಿದೆ. ಗಾಡಿ ಊರ ಹೊರಗೆ ಬಂದಾಗ ಅಪ್ಪ ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ ಕಿಟಕಿಯಿಂದ ಮೇಲೆ ನೋಡಿದ. ವೈನಿ ಬೈದರೂ ಸರಿಸಿದ.

“ಮುಗಲಿಗೆ ಯಾರೋ ನೀಲಿ ಹೆಚ್ಚ ಹಾಕಿ ಹಿಂಡ್ಯಾರ,” ಎಂದ.

ಬಿಳಿ ಧೋತರಕ್ಕೆ ಕೊನೆಯ ನೀರಿನಲ್ಲಿ ಹಾಕುವ ನೀಲಿ. ಎಷ್ಟು ವರ್ಷದಿಂದ ಅವನು ಆಕಾಶದಲ್ಲಿ ಆ ಬಣ್ಣ ಕಂಡಿರಲಿಲ್ಲವೋ. ಮನೆಗೆ ಬಂದು ಆಡಿನ ದೊಡ್ಡಿಯ ಮುಂದೆ ನಿಂತು ಫ್ಲೆಕ್ಸನ್ನು ನೋಡಿದಾಗ ಇನ್ನೂ ಗಾಬರಿಯಾದ. ಅವನ ಪಾಲಿಗೆ ಅದು ಇಷ್ಟು ದಿನ ಬೂದಿಯ ಮೇಲೆ ಹಳದಿ ದೀಪಗಳಿದ್ದ ಚಿತ್ರವಾಗಿತ್ತು. ನನ್ನ ಪಾಲಿಗೆ, ಇಂಕಿನ ಲೆಕ್ಕ ಹಾಕಿದವನಿಗೆ, ಅದು ನೀಲಿಯ ಚಿತ್ರ. ದೀಪಗಳು ಹಾಗೆ ಇರಬಲ್ಲವೆಂದು ನಾನು ನಂಬಿರಲಿಲ್ಲ. ಒಂದೇ ರಾತ್ರಿಯನ್ನು ಅಪ್ಪ ಮಗ ಅರ್ಧರ್ಧ ಹಂಚಿಕೊಂಡು ನೋಡಿದ್ದೆವು, ಹೊಲ ಹಂಚಿಕೊಂಡವರ ಹಾಗೆ.

ಡಾಕ್ಟರು ಹೇಳಿದ ಪಥ್ಯ ಮುಗಿದ ಮೇಲೆ ಬೆಳುಂಕಿಗೆ ಹೋದೆವು. ರಾಯಗೊಂಡ ಕಾಕಾ ಹೊರಗೆ ಕೂತಿದ್ದವನು ನಮ್ಮನ್ನು ನೋಡಿ ಬರ್ರಿ ಎನ್ನಲಿಲ್ಲ, ಕುಂದ್ರಿ ಎನ್ನಲಿಲ್ಲ. ಒಳಗೆ ಹೋಗಿ ಫ್ರಿಜ್ಜಿನಲ್ಲಿ ಮೊಸರಿನ ಗಡಿಗೆಯ ಹಿಂದೆ ಇಟ್ಟಿದ್ದ ಒಂದು ಡಬ್ಬಿ ತಂದ. ಅಪ್ಪ ಕೂತು, ಧೋತರವನ್ನು ಮೊಣಕಾಲ ಮೇಲೆ ಸರಿಮಾಡಿಕೊಂಡ. ಕಾಕಾ ಸುರಿದ. ಅಪ್ಪ ಎಡಗಣ್ಣು ಮುಚ್ಚಿ, ಒಂದೊಂದನ್ನೇ ಬೆರಳಿನಿಂದ ದೂಡಿ ನೋಡಿದ. ಬಹಳ ಹೊತ್ತು ನೋಡಿದ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಹೊರಟದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿಲ್ಲ, ಅವತ್ತೂ ಕೇಳಲಿಲ್ಲ.

“ಮೊನ್ನಿಗಿಂತ ಬಣ್ಣ ಚಲೋ ಬಂದೈತಿ,” ಎಂದ. “ಹಸರ.”

“ಬರತೈತಿ, ಬರತೈತಿ,” ಎಂದ ರಾಯಗೊಂಡ ಕಾಕಾ, ತಂಬಾಕಿನ ತುಟಿಯಿಂದ. “ಡಬ್ಬ್ಯಾಗ ಇಟ್ಟ ಮಾಲಿಗೆ ಬಣ್ಣ ಬರಬೇಕಾದ್ರ ನೀ ಮಿರಜಕ್ಕ ಹೋಗಿ ಬರಬೇಕಾತು ನೋಡು, ಹಡಬಿಟ್ಟಿ.”

ಬೈದ. ಅಪ್ಪನ ಮುಖ ಅರಳಿತು. ಆಮೇಲೆ ಚಹಾ ಬಂತು, ಊಟ ಬಂತು, ಹಳೆಯ ಕಥೆಗಳು ಬಂದವು. ಮರುವಾರವೇ ಪೆಟ್ಟಿಗೆಗಳು ಸೌದಾಕ್ಕೆ ಹೋದವು. ನಮ್ಮ ಕಟ್ಟೆಯ ಮುಂದೆ ಮತ್ತೆ ಜನ ಬರತೊಡಗಿದರು.

ಎಡಗಣ್ಣಿಗೆ ಕೆಲವು ತಿಂಗಳ ನಂತರ ಬನ್ನಿ ಎಂದಿದ್ದರು. ಆ ತಿಂಗಳುಗಳು ಕಳೆದವು. ಅಪ್ಪ ಏಳಲೊಲ್ಲ. ಈ ಸಲ ಆಡು ಈಯುವುದೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ವೈನಿ ಕೇಳಿದರೆ ನೋಡೋಣ ಎನ್ನುತ್ತಿದ್ದ. ಏಕೆಂದು ತಿಳಿದುಕೊಳ್ಳಲು ನಾನು ನನಗೆ ಗೊತ್ತಿರುವ ಒಂದೇ ದಾರಿ ಹಿಡಿದೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನ ಪಕ್ಕ ಕೂತು, ಅವನು ಮಾಡಿದ್ದನ್ನೆಲ್ಲ ಮಾಡಿದೆ. ಅವನು ಎಡಗಣ್ಣು ಮುಚ್ಚಿ ಕಂಬದ ದೀಪ ನೋಡಿದ, ನಾನೂ ನೋಡಿದೆ. ಅವನು ಬಲಗಣ್ಣು ಮುಚ್ಚಿ ಅದೇ ದೀಪ ನೋಡಿದ, ನಾನೂ ನೋಡಿದೆ. ನನಗೆ ಎರಡು ಸಲವೂ ಅದೇ ಬಲ್ಬು ಕಂಡಿತು, ಮೇಲೆ ಅದೇ ಸಾಧಾರಣ ಚಿಕ್ಕಿಗಳು. ಅವನ ಮುಖ ಮಾತ್ರ ಎರಡು ಸಲ ಎರಡು ಥರ ಆಯಿತು. ಈ ಸಲ ಏಕೆಂದು ಕೇಳಿದೆ.

“ಬಲಗಣ್ಣ ಶೆಡ್ಡಿಗೆ,” ಎಂದ ಅಪ್ಪ. “ಅದರಾಗ ಹಸರ ಹಸರ, ಹಳದಿ ಹಳದಿ. ಲೈಟ್ ಅಂದ್ರ ಬರೇ ಲೈಟು. ಎಡಗಣ್ಣ ಇರಲಿ ಬಿಡು. ಎರಡೂ ಶೆಡ್ಡಿಗೆ ಕೊಟ್ರ ಸಂಜಿಮುಂದ ನಾ ಏನ್ ನೋಡ್ಲಿ?”

ನಾನು ಕಣ್ಣು ಕಿರಿದು ಮಾಡಿ, ರೆಪ್ಪೆಗಳ ನಡುವಿನಿಂದ ನೋಡಿದೆ. ದೀಪದ ಸುತ್ತ ಒಂದು ಬಡ ಸಿಂಬಿ ಮೂಡಿ ತಕ್ಷಣ ಅಳಿಸಿಹೋಯಿತು. ಒಳಗೆ ಹೋಗಿ ವೈನಿಗೆ ವರದಿ ಒಪ್ಪಿಸಿದೆ, ಈ ಬಾರಿ ಯಾರ ದನಿಯನ್ನೂ ಮಾಡದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು.

“ಈ ಹಂಗಾಮ ಮುಗಿಯೂ ತನಕ ನೋಡ್ಲಿ ಬಿಡು,” ಎಂದರು. “ಆಮ್ಯಾಲ ಡಾಕ್ಟರ ಹೇಳಿದಂಗ. ಅಲ್ಲೀ ಮಟ ಹೊತ್ತ ಮುಳಗಿದ ಮ್ಯಾಲ ಅವರ ಬೈಕಿನ ಕೀಲಿ ನನ್ನ ಕಡೆ.”

ಕಲಾವಿದನಿಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕೆಂದು ದೊಡ್ಡ ದೊಡ್ಡ ಊರುಗಳಲ್ಲಿ ಇಡೀ ದಿನ ಚರ್ಚೆ ನಡೆಯುತ್ತದಂತೆ. ನಮ್ಮ ಮನೆಯಲ್ಲಿ ಅದು ಒಂದು ರೊಟ್ಟಿ ಬೇಯುವಷ್ಟರಲ್ಲಿ ತೀರ್ಮಾನವಾಯಿತು.